ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಉಬುಂಟು ತೆಗೆದು ಡೆಬಿಯನ್ ಹಾಕ್ಬೇಕು, ಲೈವ್‌ನಲ್ಲಿ ವೈಫೈ ಕಾಣ್ತಾನೇ ಇಲ್ಲ

ಸಾಗರದ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹೋದ ವಾರ ಹೊಸ ಲ್ಯಾಪ್‌ಟಾಪ್ ತಗೊಂಡೆ, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಇಲ್ದೇ ಉಬುಂಟು 22.04 (ಲಿನಕ್ಸ್‌ನ ಒಂದು ಬಗೆ) ಹಾಕಿ ಕೊಡ್ತಾರಲ್ಲ ಆ ಥರದ್ದು, ಅಂಗಡಿಯಲ್ಲಿ ಹಳೇ ಸ್ಟಾಕ್ ಇತ್ತು, ರೇಟೂ ಸ್ವಲ್ಪ ಕಮ್ಮಿ ಆಯ್ತು. ನಾನು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡೋನು, ದಿನಕ್ಕೆ ಮೂರ್ನಾಲ್ಕು ಗಂಟೆ ಕನ್ನಡದಲ್ಲೇ ಟೈಪ್ ಮಾಡ್ತೀನಿ, ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ರಾತ್ರಿ ಊಟ ಆದ್ಮೇಲೆ ಕನ್ನಡ ವಿಕಿಪೀಡಿಯಕ್ಕೆ ಒಂದಿಷ್ಟು. ಹಳೇ ಕಂಪ್ಯೂಟರ್‌ನಲ್ಲಿ ಆರು ವರ್ಷದಿಂದ ಡೆಬಿಯನ್ ಇತ್ತು, ಅದೂ ಲಿನಕ್ಸೇ, ಸ್ನೇಹಿತರೊಬ್ಬರು ಹಾಕಿಕೊಟ್ಟಿದ್ದು, ಕೈ ಅದಕ್ಕೇ ಒಗ್ಗಿಹೋಗಿದೆ.

ಈ ಉಬುಂಟುನಲ್ಲಿ ಎರಡು ವಿಷಯ ನನಗೆ ಸರಿ ಹೋಗ್ತಿಲ್ಲ. ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ, ಅಂದ್ರೆ ಉಬುಂಟುನವರದ್ದೇ ಬೇರೆ ಥರದ ಪ್ಯಾಕೇಜ್ ಆಗಿ ಬಂದಿದೆ, ಬೆಳಗ್ಗೆ ಮೊದಲ ಸಲ ತೆರೆಯೋವಾಗ ಕಾಯ್ತಾ ಕೂರಬೇಕು, ಅದರಲ್ಲಿ ಕನ್ನಡ ಟೈಪ್ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ಇಂಗ್ಲಿಷ್‌ಗೆ ಹೋಗಿಬಿಡುತ್ತೆ. ಇನ್ನೊಂದು, ಒಂದ್ಸಲ ಹಾಕಿದ್ಮೇಲೆ ನಾಲ್ಕೈದು ವರ್ಷ ಅದು ಇದ್ದ ಹಾಗೇ ಇರಬೇಕು, ಆ ನೆಮ್ಮದಿ ಡೆಬಿಯನ್‌ನಲ್ಲಿ ಇತ್ತು. ಅದಕ್ಕೆ ಸ್ನೇಹಿತರ ಹತ್ರ ಇದ್ದ ಡೆಬಿಯನ್ 12 ಪೆನ್‌ಡ್ರೈವ್ ಹಾಕಿ ಲೈವ್, ಅಂದ್ರೆ ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವ್‌ನಿಂದಲೇ, ಓಪನ್ ಮಾಡಿ ನೋಡಿದೆ. ಪರದೆ ಬಂತು, ಟಚ್‌ಪ್ಯಾಡ್ ಬಂತು, ಆದರೆ ವೈಫೈ ಅನ್ನೋ ಐಕಾನ್ನೇ ಇಲ್ಲ. ವಾಪಸ್ ಉಬುಂಟುಗೆ ಬಂದ್ರೆ ವೈಫೈ ಚೆನ್ನಾಗಿ ಓಡ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಕೇಬಲ್ ಹಾಕೋಕೆ ಜಾಗವೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಡೆಬಿಯನ್ ಹಾಕಿದ್ರೆ ವೈಫೈ ಹೋಗೇಬಿಡುತ್ತಾ? ಡಿಸ್ಕ್‌ನಲ್ಲಿ ರಿಕವರಿ ಅಂತ ಒಂದು ಪಾರ್ಟಿಷನ್ ಕಾಣ್ತಿದೆ, ಅದನ್ನ ಅಳಿಸಿದ್ರೆ ವಾರಂಟಿ ಕಥೆ ಏನು? ಯಾರಾದ್ರೂ ಹೊಸ ಮೆಷಿನ್ನಲ್ಲಿ ಹೀಗೆ ಮಾಡಿದ್ರೆ ದಯವಿಟ್ಟು ಹೇಳಿ, ಜೂನ್ ಒಂದನೇ ವಾರ ಶಾಲೆ ಶುರು, ಅಷ್ಟರೊಳಗೆ ಮುಗಿಸ್ಕೋಬೇಕು.

ಹಳೇಕರ್ನಲ್:

ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ, ಏನನ್ನೂ ಅಳಿಸ್ಬೇಡಿ. ಉಬುಂಟು ಇನ್ನೂ ಡಿಸ್ಕ್‌ನಲ್ಲಿ ಇರೋದು ನಿಮ್ಮ ಪುಣ್ಯ, ಯಾಕಂದ್ರೆ ಯಾವ ಭಾಗಕ್ಕೆ ಯಾವ ಡ್ರೈವರ್ ಬೇಕು ಅನ್ನೋದು ಈಗ ಅದರ ಬಾಯಿಂದಲೇ ಕೇಳಿ ತಿಳ್ಕೋಬಹುದು. ಉಬುಂಟು ಒಳಗೆ ಟರ್ಮಿನಲ್ ತೆಗೆದು ಯುನೇಮ್ ಕಮಾಂಡ್‌ಗೆ ಹೈಫನ್ ಆರ್ ಕೊಟ್ಟು ಏನು ಬರುತ್ತೆ ನೋಡಿ, ಅದು ಕರ್ನಲ್ ನಂಬರ್, ಕರ್ನಲ್ ಅಂದ್ರೆ ಹಾರ್ಡ್‌ವೇರ್ ಜೊತೆ ಮಾತಾಡೋ ಸಿಸ್ಟಂನ ತಿರುಳು, ಆಮೇಲೆ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಹೈಫನ್ ಎನ್ ಎನ್ ಕೆ ಕೊಡಿ, ಉದ್ದಕ್ಕೆ ಬರುತ್ತೆ, ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಇರೋ ಕಡೆ ಚಿಪ್ ಹೆಸರು, ಅದರ ಕೆಳಗೆ ಯಾವ ಕರ್ನಲ್ ಡ್ರೈವರ್ ಬಳಸ್ತಿದೆ ಅನ್ನೋ ಸಾಲು, ಎರಡೂ ಇಲ್ಲಿ ಹಾಕಿ. ಎಲ್‌ಎಸ್‌ಯುಎಸ್‌ಬಿ ಕೂಡ ಹೊಡೆದು ಬೆರಳಚ್ಚು ರೀಡರ್ ಇದ್ರೆ ಅದರದ್ದೂ ಹೇಳಿ. ಇಡೀ ಔಟ್‌ಪುಟ್ ಒಂದು ಫೈಲಲ್ಲಿ ಉಳಿಸಿ ಮೊಬೈಲಿಗೆ ಕಳಿಸಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸಾಗರದ_ಮೇಷ್ಟ್ರು:

ನೋಡಿದೆ ಸರ್. ಕರ್ನಲ್ 6.5 ಅಂತ ಶುರುವಾಗಿ ಕೊನೆಗೆ ಹೈಫನ್ ಓಇಎಂ ಅಂತ ಇದೆ. ವೈಫೈ ರಿಯಲ್‌ಟೆಕ್ ಆರ್‌ಟಿಎಲ್ 8852ಬಿಇ, ಡ್ರೈವರ್ ಸಾಲಲ್ಲಿ ಆರ್‌ಟಿಡಬ್ಲ್ಯು89 ಅಂತ ಬಂದು ಮುಂದೆ ಅದೇ ನಂಬರ್ ಇದೆ. ಬೆರಳಚ್ಚಿನದ್ದು ಗುಡಿಕ್ಸ್ ಅಂತ ತೋರಿಸ್ತು. ಬೆರಳಚ್ಚು ಉಬುಂಟುನಲ್ಲಿ ಕೆಲಸ ಮಾಡ್ತಿದೆ, ನಾನು ಜಾಸ್ತಿ ಬಳಸಲ್ಲ.

ಹಳೇಕರ್ನಲ್:

ಗಂಟು ಎಲ್ಲಿದೆ ಅಂತ ಸಿಕ್ತು. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರೋದು ನಾವು ನೀವು ವೆಬ್‌ಸೈಟಿಂದ ಇಳಿಸ್ಕೊಳ್ಳೋ ಉಬುಂಟು 22.04 ಅಲ್ಲ. ಅದು 2022ರ ಏಪ್ರಿಲ್‌ನಲ್ಲಿ ಬಂದಾಗ ಅದರ ಕರ್ನಲ್ 5.15. ಹೊಸ ಹಾರ್ಡ್‌ವೇರ್ ಮೇಲೆ ಮಾರೋ ಕಂಪನಿಗಳಿಗೋಸ್ಕರ ಉಬುಂಟುನವರೇ ಇನ್ನೊಂದು ಹೊಸ ಕರ್ನಲ್ ಕೊಡ್ತಾರೆ, ಅದೇ ನಿಮ್ಮ ಕೊನೆಯಲ್ಲಿ ಓಇಎಂ ಅಂತ ಕಂಡಿದ್ದು. ಅಂದ್ರೆ ಹೆಸರು 22.04, ಹೊಟ್ಟೆಯೊಳಗೆ 6.5. ನಿಮ್ಮ ವೈಫೈ ಚಿಪ್‌ನ ಡ್ರೈವರ್ ಮೂಲ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಡೆಬಿಯನ್ 12ರ ಕರ್ನಲ್ 6.1. ಒಂದೇ ಒಂದು ಮೆಟ್ಟಿಲು ಕೆಳಗೆ ನಿಂತಿದೆ, ಅದಕ್ಕೇ ಐಕಾನ್ ಕೂಡ ಬರ್ಲಿಲ್ಲ. ಇಲ್ಲಿ ತುಂಬಾ ಜನ ಫರ್ಮ್‌ವೇರ್ ಪ್ಯಾಕೇಜ್ ಹುಡುಕ್ತಾ ಕೂತು ದಿನ ಕಳೀತಾರೆ. ಫರ್ಮ್‌ವೇರ್ ಅಂದ್ರೆ ಚಿಪ್ ಒಳಗೆ ತುಂಬೋ ಸರಕು, ಡ್ರೈವರ್ ಅಂದ್ರೆ ಅದನ್ನ ಹೊತ್ಕೊಂಡು ಹೋಗಿ ತುಂಬೋನು, ಹೊರೋನೇ ಇಲ್ದಿದ್ರೆ ಸರಕು ಗೋಡೌನ್‌ನಲ್ಲಿ ಎಷ್ಟಿದ್ರೇನು. ಫರ್ಮ್‌ವೇರ್ ಅಂತೂ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬರುತ್ತೆ, 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ವೋಟ್ ಹಾಕಿ ತೀರ್ಮಾನ ಮಾಡಿದ ಮೇಲೆ. ಮುಂಚಿನ ಹಾಗೆ ಬೇರೆ ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು ಒದ್ದಾಡೋದಿಲ್ಲ.

ಹಾಗಾಗಿ ಆ ಪೆನ್‌ಡ್ರೈವ್ ಸ್ನೇಹಿತರಿಗೆ ವಾಪಸ್ ಕೊಡಿ. ಡೆಬಿಯನ್ 13, ಟ್ರಿಕ್ಸಿ ಅಂತ ಹೆಸರು, 2025ರ ಆಗಸ್ಟ್ 9ಕ್ಕೆ ಬಂದಿದೆ, ಕರ್ನಲ್ 6.12. ನಿಮ್ಮ ವೈಫೈ ಅದರಲ್ಲಿ ಬರಬೇಕು. ಬರಬೇಕು ಅಂತಷ್ಟೇ ಹೇಳ್ತೀನಿ, ಲೈವ್ ಹಾಕಿ ನೀವೇ ಕಣ್ಣಲ್ಲಿ ನೋಡೋ ತನಕ ನಂಬಬೇಡಿ. ಲೈವ್‌ನಲ್ಲಿ ವೈಫೈ ಒಂದೇ ನೋಡಿ ಎದ್ದುಬಿಡಬೇಡಿ, ಅರ್ಧ ಗಂಟೆ ಕೂತು ಸ್ಪೀಕರ್‌ನಲ್ಲಿ ಹಾಡು ಹಾಕಿ, ಮೈಕ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಕ್ಯಾಮೆರಾ ನೋಡಿ, ಬ್ರೈಟ್‌ನೆಸ್ ಕೀ ಒತ್ತಿ ನೋಡಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದ್ರೆ ಏಳುತ್ತಾ ನೋಡಿ. ಈ ಕೊನೇದೇ ಎಲ್ಲರೂ ಮರೆಯೋದು. ಸೌಂಡ್ ಸೆಟ್ಟಿಂಗ್‌ನಲ್ಲಿ ಡಮ್ಮಿ ಔಟ್‌ಪುಟ್ ಅಂತ ಬಂದ್ರೆ ಹೆದರಬೇಡಿ, ಇಂಟೆಲ್‌ನ ಹೊಸ ಸೌಂಡ್ ಚಿಪ್‌ಗಳಿಗೆ ಎಸ್‌ಒಎಫ್ ಫರ್ಮ್‌ವೇರ್ ಪ್ಯಾಕೇಜ್ ಬೇಕಾಗುತ್ತೆ, ಹಾಕಿ ರೀಸ್ಟಾರ್ಟ್ ಮಾಡಿದ್ರೆ ಬರುತ್ತೆ, ನನಗೆ ಹೀಗೇ ಆಗಿತ್ತು.

ಬೆರಳಚ್ಚು ಮಾತ್ರ ಹೋಗಬಹುದು, ಈಗಲೇ ಹೇಳಿಬಿಡ್ತೀನಿ. ಗುಡಿಕ್ಸ್‌ನ ಕೆಲವು ರೀಡರ್‌ಗಳಿಗೆ ಕಂಪನಿಗಳು ಕೊಡೋದು ಉಬುಂಟುಗೆ ಅಂತಲೇ ಕಟ್ಟಿದ, ಸೋರ್ಸ್ ತೋರಿಸದ ಡ್ರೈವರ್. ಅದು ಡೆಬಿಯನ್ ರೆಪೊಸಿಟರಿಯಲ್ಲಿ, ಅಂದ್ರೆ ಸಾಫ್ಟ್‌ವೇರ್ ಇಳಿಸ್ಕೊಳ್ಳೋ ಅವರ ಭಂಡಾರದಲ್ಲಿ, ಇಲ್ಲ. ಲಿಬ್‌ಎಫ್‌ಪ್ರಿಂಟ್ ಅಂತ ಬೆರಳಚ್ಚಿನ ಮುಕ್ತ ಸಾಫ್ಟ್‌ವೇರ್ ಇದೆ, ಅವರ ಪಟ್ಟಿಯಲ್ಲಿ ನಿಮ್ಮ ರೀಡರ್ ನಂಬರ್ ಇದ್ರೆ ಬರುತ್ತೆ, ಇಲ್ದಿದ್ರೆ ಪಾಸ್‌ವರ್ಡೇ ಗತಿ.

ಇನ್ನು ರಿಕವರಿ ಪಾರ್ಟಿಷನ್ ವಿಷಯ. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಗೊಂಡು, ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಡೀ ಡಿಸ್ಕ್‌ನ ಇಮೇಜ್, ಅಂದ್ರೆ ಪೂರ್ತಿ ನಕಲು, ತೆಗೆದಿಡಿ. ಅದು ಖಾಲಿ ಜಾಗ ಬಿಟ್ಟು ತುಂಬಿರೋದನ್ನ ಮಾತ್ರ ಒತ್ತಿ ಸೇರಿಸುತ್ತೆ, ಹಾಗಾಗಿ 512 ಜಿಬಿ ಡಿಸ್ಕ್ ಅಂತ ಗಾಬರಿ ಬೇಡ, ಹೊಸ ಮೆಷಿನ್ ಇಮೇಜ್ ತುಂಬಾ ಚಿಕ್ಕದಾಗೇ ಬರುತ್ತೆ. ನಾಳೆ ಕೀಬೋರ್ಡ್ ಕೆಟ್ಟು ಸರ್ವಿಸ್ ಸೆಂಟರ್‌ಗೆ ಕೊಡೋ ಹೊತ್ತಿಗೆ ಅವರು ನಮ್ಮ ಸಾಫ್ಟ್‌ವೇರ್ ಇಲ್ಲ ಅಂತ ತಕರಾರು ತೆಗೆದ್ರೆ ವಾಪಸ್ ಹಾಕಿ ಕೊಡಬಹುದು. ವಾರಂಟಿ ಕಾರ್ಡ್ ತೆಗೆದು ಓದಿ, ನಾನು ನೋಡಿರೋ ಕಾರ್ಡ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂ ಬದಲಾಯಿಸಿದ್ರೆ ಹಾರ್ಡ್‌ವೇರ್ ವಾರಂಟಿ ಹೋಗುತ್ತೆ ಅಂತ ಎಲ್ಲೂ ಬರೆದಿರ್ಲಿಲ್ಲ, ನಿಮ್ಮದರಲ್ಲಿ ಏನಿದೆ ನೀವೇ ನೋಡ್ಕೊಳ್ಳಿ.

ಹ್ಞಾಂ, ಮರೆತಿದ್ದೆ, ಉಬುಂಟು ಇರೋವಾಗಲೇ ಬಯೋಸ್ ಅಪ್‌ಡೇಟ್ ಇದ್ರೆ ಮಾಡ್ಕೊಂಡುಬಿಡಿ. ಆಮೇಲೆ ಡೆಬಿಯನ್‌ನಲ್ಲೂ ಎಫ್‌ಡಬ್ಲ್ಯುಯುಪಿಡಿ ಅನ್ನೋ ಸಾಫ್ಟ್‌ವೇರ್‌ನಿಂದ ಮಾಡಬಹುದು, ಆದ್ರೂ ಕಂಪನಿ ಹಾಕಿದ ಸಿಸ್ಟಂ ಇರೋವಾಗ ಮುಗಿಸಿದ್ರೆ ಒಂದು ತಲೆನೋವು ಕಮ್ಮಿ.

ಮಲಪ್ರಭಾ_ದಂಡಿ:

ನಾ ಸ್ವಲ್ಪ ಬ್ಯಾರೆ ಮಾತು ಹೇಳ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಮಾಸ್ತರ್ರಿಗೆ ಇರೋ ತ್ರಾಸು ಫೈರ್‌ಫಾಕ್ಸಿಂದು. ಅದಕ್ಕ ಇಡೀ ಮನಿ ಕೆಡವಿ ಯಾಕ ಕಟ್ಟಬೇಕು? ಮೊಜಿಲ್ಲಾದವರು 2024ರ ಜನವರಿಯಿಂದ ತಮ್ಮದ ಎಪಿಟಿ ರೆಪೊಸಿಟರಿ ಇಟ್ಟಾರ, ಅಲ್ಲಿಂದ ಡೆಬ್ (ಸಾದಾ ಪ್ಯಾಕೇಜ್) ಫೈರ್‌ಫಾಕ್ಸ್ ಹಾಕ್ಕೊಂಡು ಸ್ನ್ಯಾಪ್‌ಂದು ತಗದ್ರ ಆತು. ಆದ್ರ ಒಂದು ನೆಪ್ಪಿಡ್ರಿ, ಮೊಜಿಲ್ಲಾ ರೆಪೊಸಿಟರಿಗೆ ಪ್ರಿಯಾರಿಟಿ ಜಾಸ್ತಿ ಕೊಟ್ಟು ಪಿನ್ ಮಾಡ್ಲಿಲ್ಲ ಅಂದ್ರ ಉಬುಂಟು ತಿರುಗಿ ಸ್ನ್ಯಾಪ್‌ಂದ ತಂದು ಕುಂದ್ರಸ್ತದ. ನನ್ನ ತಂಗಿ ಲ್ಯಾಪ್‌ಟಾಪ್‌ನ್ಯಾಗ ಹಿಂಗ ಮಾಡಿ ಕೊಟ್ಟೀನಿ, ಕಂಪನಿ ಹಾಕಿದ್ದ ಉಬುಂಟುನ ಐತಿ, ಬೆರಳಚ್ಚು ನಡಿತೈತಿ, ನಿದ್ದಿ ಮಾಡಿ ಏಳ್ತೈತಿ, ಬ್ಯಾಟರಿ ಚಲೋ ಬರ್ತೈತಿ. ಆ ಕರ್ನಲ್ಲು ಆ ಮಷಿನ್ನಿಗಂತನ ಪರೀಕ್ಷೆ ಮಾಡಿ ಕಳಿಸಿರ್ತಾರ್ರೀ, ಅದಕ್ಕೊಂದು ಬೆಲಿ ಐತಿ.

22.04ಕ್ಕ 2027ರ ತನಕ ಅಪ್‌ಡೇಟ್ ಐತಿ, ಆಮ್ಯಾಲ ಬೇಕಂದ್ರ 24.04ಕ್ಕ ಏರಿಸ್ಕೋಬಹುದು. ಇಲ್ಲಾ ಉಬುಂಟುನ ಬ್ಯಾಡ ಅಂದ್ರ ಲಿನಕ್ಸ್ ಮಿಂಟ್ 22 ನೋಡ್ರಿ, ಅದು 24.04ರ ಮ್ಯಾಲ ಕಟ್ಟಿದ್ದು, 2029ರ ತನಕ ನಡಿತೈತಿ, ಸ್ನ್ಯಾಪ್ ಇಲ್ಲ, ಫೈರ್‌ಫಾಕ್ಸ್ ಡೆಬ್ ಆಗೇ ಬರ್ತೈತಿ.

ಹಳೇಕರ್ನಲ್:

ಇವರು ಹೇಳಿದ್ದು ನ್ಯಾಯವಾದ ಮಾತು, ಮೇಷ್ಟ್ರು ಇದನ್ನೂ ಯೋಚನೆ ಮಾಡಬೇಕು. ಹೊಸಬರು ಯಾರಾದ್ರೂ ಕೇಳಿದ್ರೆ ನಾನೂ ಮಿಂಟೇ ಹೇಳ್ತಿದ್ದೆ. ಆದ್ರೆ ಆರು ವರ್ಷ ಡೆಬಿಯನ್ ಮೇಲೆ ಕೈ ಓಡಿಸಿದವರಿಗೆ ಅದು ಬೇಕು ಅನ್ಸೋದು ಸಹಜ, ನಾನು ಬೇಡ ಅನ್ನಲ್ಲ. ಡೆಬಿಯನ್ 13ಕ್ಕೂ ಮೂರು ವರ್ಷ ಪೂರ್ತಿ ಸಪೋರ್ಟ್, ಅದರ ಮೇಲೆ ಎರಡು ವರ್ಷ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್), ಒಟ್ಟು ಐದು.

ತುಂಗಾತೀರ:

ಕನ್ನಡ ಟೈಪಿಂಗ್ ಬಗ್ಗೆ ನಾನು ಹೇಳ್ತೀನಿ, ಇಲ್ಲಿ ಎಲ್ಲರೂ ವೈಫೈ ಸೌಂಡ್ ನೋಡಿ ಎಲ್ಲಾ ಸರಿ ಇದೆ ಅಂದುಬಿಡ್ತಾರೆ, ಕನ್ನಡದವರ ಪರೀಕ್ಷೆ ಅಲ್ಲಿಗೆ ಮುಗಿಯಲ್ಲ. ಮೇಷ್ಟ್ರು ನುಡಿ ತಂತ್ರಾಂಶದಲ್ಲಿ ಬರೋ ಕೀಬೋರ್ಡ್, ಅದೇ ಕೆ.ಪಿ. ರಾವ್ ಅವರ ವಿನ್ಯಾಸ, ಅದನ್ನೇ ಬಳಸ್ತೀರಿ ಅಂದ್ಕೊಂಡಿದ್ದೀನಿ. ಲಿನಕ್ಸ್‌ನಲ್ಲಿ ಅದು ಎರಡು ಕಡೆ ಸಿಗುತ್ತೆ, ಎರಡೂ ಒಂದೇ ಥರ ನಡೆಯಲ್ಲ. ಒಂದು ಎಕ್ಸ್‌ಕೆಬಿ, ಸಿಸ್ಟಂನದ್ದೇ ಕೀಬೋರ್ಡ್ ಲೇಔಟ್, ಕಗಪ ಫೊನೆಟಿಕ್ ಅಂತ ಪಟ್ಟಿಯಲ್ಲಿ ಇರುತ್ತೆ. ಇದಕ್ಕೆ ಹಿಂದೆ ಯಾವ ಅಕ್ಷರ ಒತ್ತಿದ್ದೀರಿ ಅನ್ನೋದು ಗೊತ್ತಾಗಲ್ಲ, ಕೀ ಒತ್ತಿದ್ರೆ ಅಕ್ಷರ ಅಷ್ಟೇ, ಹಾಗಾಗಿ ಇ ಅನ್ನೋ ಸ್ವರಕ್ಕೂ ಕಿ ಒಳಗಿನ ಗುಡಿಸಿಗೂ ಬೇರೆ ಬೇರೆ ಒತ್ತಬೇಕು, ನುಡಿ ಅಭ್ಯಾಸ ಇದ್ದವರಿಗೆ ಬೆರಳು ತಡವರಿಸುತ್ತೆ. ಇನ್ನೊಂದು ಐಬಸ್ ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್, ಅದರಲ್ಲಿ ಕೆಜಿಪಿ ಅಂತ ಇರುತ್ತೆ. ಇದು ಹಿಂದಿನ ಅಕ್ಷರ ನೋಡಿಕೊಂಡು ಬರೆಯುತ್ತೆ, ನುಡಿ ಥರಾನೇ. ಐಬಸ್ ಹೈಫನ್ ಎಂ17ಎನ್ ಪ್ಯಾಕೇಜ್ ಹಾಕಿ ಲಾಗ್‌ಔಟ್ ಆಗಿ ಲಾಗಿನ್ ಆಗಿ, ಗ್ನೋಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಒಳಗೆ ಇನ್‌ಪುಟ್ ಸೋರ್ಸ್‌ಗೆ ಸೇರಿಸಿ, ಸೂಪರ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಬದಲಾಗುತ್ತೆ.

ಹಾಕಿದ ಕೂಡ್ಲೇ ಮೂರು ಪದ ಟೈಪ್ ಮಾಡಿ ನೋಡಿ. ರ‍್ಯಾಂಕ್, ಕಾರ್ಯ, ರಾಷ್ಟ್ರೀಯ. ಮೊದಲನೇದರಲ್ಲಿ ರ ಮೇಲೆ ನಿಂತು ಯ ಒತ್ತಾಗಿ ಕೆಳಗೆ ಬರಬೇಕು, ಎರಡನೇದರಲ್ಲಿ ಯ ಮೇಲಿದ್ದು ಅರ್ಕಾವತ್ತು ಬರಬೇಕು. ಈ ವ್ಯತ್ಯಾಸ ಮಾಡೋದು ರ ಮತ್ತು ಹಲಂತದ ನಡುವೆ ಬರೋ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ, ಜೀರೋ ವಿಡ್ತ್ ಜಾಯ್ನರ್. ಅದು ನಿಮ್ಮ ಕೀಬೋರ್ಡ್‌ನಲ್ಲಿ ಎಲ್ಲಿದೆ ಅಂತ ಮೊದಲೇ ಕಂಡ್ಕೊಳ್ಳಿ, ಇಲ್ದಿದ್ರೆ ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ ರ‍್ಯಾಂಕ್ ಅನ್ನೋದು ಅರ್ಕಾವತ್ತು ಹೊತ್ಕೊಂಡು ಪ್ರಿಂಟ್ ಆಗುತ್ತೆ. ಫಾಂಟ್‌ಗೆ ಡೆಬಿಯನ್‌ನಲ್ಲಿ ಫಾಂಟ್ಸ್ ಹೈಫನ್ ಗುಬ್ಬಿ, ಫಾಂಟ್ಸ್ ಹೈಫನ್ ನವಿಲು ಅಂತ ಪ್ಯಾಕೇಜ್‌ಗಳಿವೆ, ಲೋಹಿತ್ ಕನ್ನಡ ಕೂಡ ಇದೆ. ನನಗೆ ಪಾಠದ ಟಿಪ್ಪಣಿ ಓದೋಕೆ ಗುಬ್ಬಿ ಇಷ್ಟ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತೆ.

ಹಳೇ ನುಡಿ ಫೈಲ್ ಇದ್ರೆ ಲಿಬ್ರೆ ಆಫೀಸ್‌ನಲ್ಲಿ ತೆಗೆದಾಗ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲಾ ಕಲಸಿ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಅದು ಯುನಿಕೋಡ್ ಅಲ್ಲ ಅಷ್ಟೇ. ಹಳೇ ಕಂಪ್ಯೂಟರಿಂದ ನುಡಿ ಫಾಂಟ್ ಫೈಲ್ ತಂದು ಹೋಮ್ ಫೋಲ್ಡರ್‌ನಲ್ಲಿ ಫಾಂಟ್ಸ್ ಜಾಗಕ್ಕೆ ಹಾಕಿದ್ರೆ ಸರಿಯಾಗಿ ಕಾಣುತ್ತೆ, ನಿಧಾನಕ್ಕೆ ಯುನಿಕೋಡ್‌ಗೆ ಬದಲಾಯಿಸ್ಕೊಳ್ಳಿ.

ಇನ್‌ಸ್ಟಾಲ್ ಮಾಡೋವಾಗ ಭಾಷೆ ಕನ್ನಡ ಬೇಕು ಅಂದ್ರೆ ಗ್ರಾಫಿಕಲ್ ಇನ್‌ಸ್ಟಾಲರ್ ಆರಿಸ್ಕೊಳ್ಳಿ, ಟೆಕ್ಸ್ಟ್ ಇನ್‌ಸ್ಟಾಲರ್‌ಗೆ ಕನ್ನಡ ಲಿಪಿ ಮೂಡಿಸೋಕೆ ಬರಲ್ಲ. ಕೀಬೋರ್ಡ್ ಮಾತ್ರ ಇಂಗ್ಲಿಷ್ ಇಡಿ. ಡಿಸ್ಕ್‌ಗೆ ಹಾಕೋ ಪಾಸ್‌ವರ್ಡ್ ಕೇಳೋದು ಐಬಸ್ ಇನ್ನೂ ಎದ್ದಿರದ ಹೊತ್ತಲ್ಲಿ, ಅಲ್ಲಿ ಕನ್ನಡದಲ್ಲಿ ಹೊಡೀತೀನಿ ಅಂದ್ರೆ ಆಗಲ್ಲ.

ಹಳೇಕರ್ನಲ್:

ಡಿಸ್ಕ್ ಪಾಸ್‌ವರ್ಡ್ ಅಂದಿದ್ದಕ್ಕೆ ನೆನಪಾಯ್ತು. ಮಕ್ಕಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಇಡೋ ಲ್ಯಾಪ್‌ಟಾಪ್, ಬಸ್ಸಲ್ಲಿ ಹೊತ್ಕೊಂಡು ಓಡಾಡೋದು, ದಯವಿಟ್ಟು ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡ್ ಇಲ್ದೇ ಯಾರೂ ಓದೋಕಾಗಲ್ಲ. ಇನ್‌ಸ್ಟಾಲರ್‌ನಲ್ಲಿ ಗೈಡೆಡ್ ಅಂತ ಬರೋದ್ರಲ್ಲಿ ಇಡೀ ಡಿಸ್ಕ್, ಎನ್‌ಕ್ರಿಪ್ಟೆಡ್ ಎಲ್‌ವಿಎಂ ಆರಿಸಿ. ಅದು ಡಿಸ್ಕ್ ತುಂಬಾ ಕಸದ ಡೇಟಾ ಬರೀತಾ ತುಂಬಾ ಹೊತ್ತು ಕೂರುತ್ತೆ, ಹೊಸ ಡಿಸ್ಕ್ ಆದ್ದರಿಂದ ಅಲ್ಲಿ ಕ್ಯಾನ್ಸಲ್ ಒತ್ತಿದ್ರೂ ನಡೆಯುತ್ತೆ, ಇನ್‌ಸ್ಟಾಲ್ ಮುಂದಕ್ಕೆ ಹೋಗುತ್ತೆ. ಸೆಕ್ಯೂರ್ ಬೂಟ್ ಆಫ್ ಮಾಡೋದು ಬೇಡ, ಡೆಬಿಯನ್ 10ರಿಂದಲೇ ಅದರ ಜೊತೆ ಬೂಟ್ ಆಗುತ್ತೆ. ಅಕಸ್ಮಾತ್ ಇನ್‌ಸ್ಟಾಲ್ ಹೊತ್ತಲ್ಲಿ ವೈಫೈ ಕೈಕೊಟ್ರೆ ಮೊಬೈಲ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಆನ್ ಮಾಡಿ, ಲ್ಯಾನ್ ಕೇಬಲ್ ಹಾಕಿದ ಹಾಗೇ ಕಾಣುತ್ತೆ.

ಸಾಗರದ_ಮೇಷ್ಟ್ರು:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಮಲಪ್ರಭಾದವರ ಮಾತು ಎರಡು ದಿನ ಯೋಚನೆ ಮಾಡಿದೆ, ಆದ್ರೂ ಮನಸ್ಸು ಡೆಬಿಯನ್ ಕಡೆಗೇ ಹೋಯ್ತು. ಶನಿವಾರ ಮಧ್ಯಾಹ್ನ ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ ತೆಗೆದೆ, 9 ಜಿಬಿ ಆಯ್ತು. ಆಮೇಲೆ ಡೆಬಿಯನ್ 13 ಲೈವ್ ಹಾಕಿದೆ, ಮೂಲೆಯಲ್ಲಿ ವೈಫೈ ಐಕಾನ್ ಬಂತು ನೋಡಿ, ಮನೆಯವರನ್ನ ಕರೆದು ತೋರಿಸಿದೆ. ಮುಚ್ಚಳ ಮುಚ್ಚಿ ತೆಗೆದ್ರೆ ಏಳ್ತಿದೆ, ಸ್ಪೀಕರ್ ಮೈಕ್ ಎಲ್ಲಾ ಸರಿ. ಭಾನುವಾರ ನೆಟ್‌ಇನ್‌ಸ್ಟ್ (ನೆಟ್‌ನಿಂದ ಇಳಿಸ್ಕೊಂಡು ಹಾಕೋದು) ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿದೆ, ಎನ್‌ಕ್ರಿಪ್ಟ್ ಮಾಡೇ ಹಾಕಿದ್ದೀನಿ.

ಈಗ ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ. ಐಬಸ್ ಹಾಕೋಕೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಅಂತ ಕೊಟ್ರೆ ಈ ಬಳಕೆದಾರ ಸುಡೋಯರ್ಸ್ ಫೈಲಲ್ಲಿ ಇಲ್ಲ ಅಂತ ಬೈದು ಕಳಿಸುತ್ತೆ. ಪಾಸ್‌ವರ್ಡ್ ಸರಿಯಾಗೇ ಹಾಕ್ತಿದ್ದೀನಿ. ಹಳೇ ಕಂಪ್ಯೂಟರ್‌ನಲ್ಲಿ ಹೀಗೆ ಆಗ್ತಿರ್ಲಿಲ್ಲ.

ಹಳೇಕರ್ನಲ್:

ಇನ್‌ಸ್ಟಾಲ್ ಮಾಡೋವಾಗ ರೂಟ್, ಅಂದ್ರೆ ಅಡ್ಮಿನ್ ಅಕೌಂಟ್‌ನ, ಪಾಸ್‌ವರ್ಡ್ ಕೇಳಿದ್ದಕ್ಕೆ ಕೊಟ್ಟಿರ್ತೀರಿ. ಅಲ್ಲಿ ಖಾಲಿ ಬಿಟ್ಟಿದ್ರೆ ನಿಮ್ಮ ಅಕೌಂಟ್‌ಗೇ ಸುಡೋ ಸಿಗ್ತಿತ್ತು, ಕೊಟ್ರೆ ರೂಟ್ ಬೇರೆ ನೀವು ಬೇರೆ. ಮತ್ತೆ ಇನ್‌ಸ್ಟಾಲ್ ಮಾಡೋದೇನೂ ಬೇಡ. ಎಸ್‌ಯು, ಒಂದು ಸ್ಪೇಸ್, ಒಂದು ಹೈಫನ್ ಹೊಡೆದು ರೂಟ್ ಪಾಸ್‌ವರ್ಡ್ ಕೊಡಿ, ಆಮೇಲೆ ಆ್ಯಡ್‌ಯೂಸರ್, ನಿಮ್ಮ ಲಾಗಿನ್ ಹೆಸರು, ಸುಡೋ, ಮೂರನ್ನೂ ಒಂದೇ ಸಾಲಲ್ಲಿ ಸ್ಪೇಸ್ ಬಿಟ್ಟು ಹೊಡೀರಿ. ಆ ಹೈಫನ್ ಮರೀಬೇಡಿ, ಅದಿಲ್ದಿದ್ರೆ ರೂಟ್‌ನ ದಾರಿಗಳು ಸೇರಲ್ಲ, ಆ್ಯಡ್‌ಯೂಸರ್ ಅನ್ನೋ ಕಮಾಂಡೇ ಇಲ್ಲ ಅಂತ ಹೇಳುತ್ತೆ. ಆಮೇಲೆ ಪೂರ್ತಿ ಲಾಗ್‌ಔಟ್ ಆಗಿ ಒಳಗೆ ಬನ್ನಿ.

ಸಾಗರದ_ಮೇಷ್ಟ್ರು:

ಆಯ್ತು ಸರ್, ಸುಡೋ ಬಂತು, ಐಬಸ್ ಎಂ17ಎನ್ ಬಂತು, ಗುಬ್ಬಿ ಫಾಂಟೂ ಬಂತು. ಈ ಉತ್ತರ ಹೊಸ ಲ್ಯಾಪ್‌ಟಾಪ್‌ನಲ್ಲೇ ಟೈಪ್ ಮಾಡ್ತಿದ್ದೀನಿ, ಅರ್ಧ ಗಂಟೆಯಿಂದ ಒಂದ್ಸಲವೂ ಇಂಗ್ಲಿಷ್‌ಗೆ ಜಾರಿಲ್ಲ. ರ‍್ಯಾಂಕ್, ಕಾರ್ಯ, ರಾಷ್ಟ್ರೀಯ, ಮೂರೂ ಸರಿಯಾಗಿ ಬಂದ್ವು. ಬೆರಳಚ್ಚು ಹೋಯ್ತು, ಹೋಗ್ಲಿ. ನುಡಿ ಫಾಂಟ್ ಹಾಕಿದ್ಮೇಲೆ 2011ರಲ್ಲಿ ಮಾಡಿದ್ದ ಹತ್ತನೇ ತರಗತಿ ವ್ಯಾಕರಣದ ಟಿಪ್ಪಣಿ ತೆರೀತು, ಅಷ್ಟೂ ಪುಟ ಹಾಗೇ ಇದೆ. ಅದನ್ನ ಯುನಿಕೋಡ್‌ಗೆ ಬದಲಾಯಿಸಿದ್ಮೇಲೆ ಒತ್ತಕ್ಷರ ಎಲ್ಲಾದ್ರೂ ತಪ್ಪಿದೆಯಾ ಅಂತ ಪುಟ ಪುಟ ನೋಡಬೇಕು. ತುಂಗಾತೀರ ಅವರೇ, ಅದಕ್ಕೆ ನೀವು ಯಾವ ಪರಿವರ್ತಕ ಬಳಸ್ತೀರಿ ಅಂತ ಬೇರೆ ಪೋಸ್ಟ್ ಹಾಕಿ ಕೇಳ್ತೀನಿ, ದಯವಿಟ್ಟು ಅಲ್ಲಿ ಬನ್ನಿ.

ಮಲಪ್ರಭಾ_ದಂಡಿ:

ಭಾಳ ಚಲೋ ಆತ್ರಿ ಮಾಸ್ತರ್ರ. ಆ ಇಮೇಜ್ ಮಾತ್ರ ಅಳಿಸಬ್ಯಾಡ್ರಿ, ವಾರಂಟಿ ಮುಗಿಯೋ ತನಕ ಇರ್ಲಿ.